ಕಾಲ ಮೀರಿದ ದಾನ

ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಬಸದಿಯ ಪಂಚಕಲ್ಯಾಣ ಮಹೋತ್ಸವಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಈ ಲೇಖನ ಆ ಊರಿನ ಮೇಲೆ ದೂರಲ್ಲ. ಜನ್ಮಕಲ್ಯಾಣದ ದಿನ ಬಾಲ ತೀರ್ಥಂಕರರ ತೊಟ್ಟಿಲನ್ನು ಮೊದಲು ತೂಗುವ ಸೌಭಾಗ್ಯಕ್ಕಾಗಿ ಸವಾಲು ನಡೆಯಿತು. ಧ್ವನಿವರ್ಧಕದಲ್ಲಿ ಮೊತ್ತ ಏರುತ್ತ ಹೋಯಿತು. ಕೊನೆಗೆ ಉಳಿದವರು ಎರಡು ಮನೆತನದವರು. ಇವರು ಕೂಗಿದರೆ ಅವರು ಕೂಗುವರು; ಸಭೆ ಚಪ್ಪಾಳೆ ತಟ್ಟುವುದು. ನೀರು ಕುಡಿಯಲೆಂದು ನಾನು ಮಂಟಪದ ಹಿಂಭಾಗಕ್ಕೆ ಹೋದೆ. ಅಲ್ಲಿ ಭೋಜನಶಾಲೆಯ ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಗಳೊಬ್ಬಳ ಕೂಸು, ಎರಡು ಗಳುಗಳ ನಡುವೆ ಕಟ್ಟಿದ್ದ ಹಳೆಯ ಸೀರೆಯ ಜೋಲಿಯಲ್ಲಿ ಮಲಗಿ ಅಳುತ್ತಿತ್ತು. ತಾಯಿಯ ಕೈ ಬೂದಿಯಲ್ಲಿತ್ತು. ಆ ಜೋಲಿಯನ್ನು ತೂಗುವವರು ಯಾರೂ ಇರಲಿಲ್ಲ. ನಾನೂ ತೂಗಲಿಲ್ಲ. ಸವಾಲು ಯಾರಿಗೆ ನಿಲ್ಲುವುದೋ ಎಂಬ ಕುತೂಹಲದಿಂದ ಮರಳಿ ಬಂದು ನನ್ನ ಜಾಗದಲ್ಲಿ ಕುಳಿತೆ.

ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ಹೇಳಿದ್ದೇನೆ. ಇನ್ನು ಮುಂದೆ ನಾನು ಬರೆಯುವ ಕಟುವಾದ ಮಾತುಗಳಲ್ಲಿ ನನ್ನ ಪಾಲೂ ಇದೆ. ಪಂಚಕಲ್ಯಾಣವನ್ನಾಗಲಿ, ಅಭಿಷೇಕವನ್ನಾಗಲಿ, ಜೀರ್ಣೋದ್ಧಾರವನ್ನಾಗಲಿ ನಾನು ಹಳಿಯುವವನಲ್ಲ. ಬಸದಿಯಿಲ್ಲದ ಊರಿನಲ್ಲಿ ಶ್ರಾವಕಧರ್ಮ ಎಷ್ಟು ದಿನ ಉಳಿದೀತೆಂಬುದು ನನಗೆ ಗೊತ್ತು. ನನ್ನ ಆಕ್ಷೇಪಣೆ ಬೇರೆಯದು. ನಮ್ಮ ಸಮಾಜ ಕೊಡುವುದರಲ್ಲಿ ಹಿಂದೆ ಬಿದ್ದಿಲ್ಲ. ಆದರೆ ಕೊಡಬೇಕಾದ ಕಾಲದಲ್ಲಿ ಕೊಡುತ್ತಿಲ್ಲ, ಬೇಕಾದ ವಯಸ್ಸಿಗೆ ಕೊಡುತ್ತಿಲ್ಲ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಮಕ್ಕಳೂ ಬಾಯಿಪಾಠ ಒಪ್ಪಿಸುವರು. ಈ ನಾಡಿನ ಶಾಸನಗಳಲ್ಲಿ ದಾನಿಗಳನ್ನು ಹೊಗಳುವಾಗ ಈ ನಾಲ್ಕೂ ಒಂದೇ ಉಸಿರಿನಲ್ಲಿ ಬರುತ್ತವೆ. ಶಾಸ್ತ್ರದಾನವೆಂದೊಡನೆ ನಾವು ಅತ್ತಿಮಬ್ಬೆಯನ್ನು ನೆನೆಯುತ್ತೇವೆ. ಪೊನ್ನನ ಶಾಂತಿಪುರಾಣದ ಒಂದು ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಆ ಮಹಾಶ್ರಾವಿಕೆಯನ್ನು ನೆನೆಯುವುದು ಯೋಗ್ಯವೇ ಸರಿ. ಲಕ್ಕುಂಡಿಯ ಬಸದಿಯ 1007ರ ಶಾಸನ ಆಕೆಯ ಕೀರ್ತಿಯನ್ನು ಇಂದಿಗೂ ಹೊತ್ತು ನಿಂತಿದೆ. ಆದರೆ ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನ ಯಾರು? ಮುದುವೊಳಲಿನ ಬಳೆಗಾರರ ಮನೆಯ ಮಗ. ವಿದ್ಯೆಗಾಗಿ ಊರು ಬಿಟ್ಟು ಬಂದ ಆತನಿಗೆ ಅಜಿತಸೇನಾಚಾರ್ಯರಂಥ ಗುರುಗಳೂ ಚಾವುಂಡರಾಯನಂಥ ಪೋಷಕನೂ ದೊರೆತರು. ಕವಿಚಕ್ರವರ್ತಿಯಾದ ಮೇಲೆ ಆತನಿಗೆ ಸನ್ಮಾನ ಮಾಡುವುದು ಯಾವ ದೊರೆಗೂ ಸುಲಭವಾಗಿತ್ತು. ಏನೂ ಆಗಿರದ ಕಾಲದಲ್ಲಿ ಆ ಬಳೆಗಾರರ ಹುಡುಗನನ್ನು ಕುಳ್ಳಿರಿಸಿಕೊಂಡು ಅನ್ನವಿಕ್ಕಿ ಓದಿಸಿದವರು ಮಾಡಿದ್ದೇ ಶಾಸ್ತ್ರದಾನ. ಅವರಲ್ಲಿ ಬಹುಪಾಲು ಜನರ ಹೆಸರು ನಮಗೆ ಉಳಿದಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾಮಿಗಳು ಕೊನೆಗೆ ಎರಡು ಶಬ್ದಗಳನ್ನಿಟ್ಟಿದ್ದಾರೆ: ಮಾತ್ಸರ್ಯ ಮತ್ತು ಕಾಲಾತಿಕ್ರಮ. ಮಾತ್ಸರ್ಯವೆಂದರೆ ಆದರವಿಲ್ಲದೆ ಕೊಡುವುದು ಅಥವಾ ಇನ್ನೊಬ್ಬ ದಾನಿಯ ಗುಣವನ್ನು ಸಹಿಸದಿರುವುದು ಎಂದು ಪೂಜ್ಯಪಾದರು ತಿಳಿಸುತ್ತಾರೆ. ನಮ್ಮ ಸವಾಲುಗಳಲ್ಲಿ ಕೂಗುವ ಕೊರಳುಗಳನ್ನು ಕೇಳಿದವರಿಗೆ ಇದಕ್ಕೆ ಹೆಚ್ಚಿನ ವ್ಯಾಖ್ಯಾನ ಬೇಡ. ಕಾಲಾತಿಕ್ರಮವೆಂದರೆ ಕಾಲ ಮೀರಿ ಕೊಡುವುದು. ಮುನಿಗಳ ಆಹಾರದ ವೇಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದ ಮಾತಿದು, ಒಪ್ಪುತ್ತೇನೆ. ಆದರೆ ವೇಳೆ ಮೀರಿದ ಅನ್ನ ಮುನಿಗಳಿಗೆ ಸಲ್ಲದೆಂದಾದರೆ, ವೇಳೆ ಮೀರಿದ ವಿದ್ಯೆ ಬಾಲಕನಿಗೆ ಸಂದೀತೇ?

ನಮ್ಮ ಟ್ರಸ್ಟುಗಳು ವಿದ್ಯಾರ್ಥಿವೇತನ ಹಂಚುವ ಕ್ರಮವನ್ನೇ ನೋಡಿರಿ. ಶಾಲಾ ಶುಲ್ಕ ತುಂಬಬೇಕಾದದ್ದು ಜೂನ್ ತಿಂಗಳಲ್ಲಿ. ನಮ್ಮ ವಿತರಣೆ ನಡೆಯುವುದು ಮುಂದಿನ ಮಹಾವೀರ ಜಯಂತಿಗೆ. ನಡುವಿನ ಹತ್ತು ತಿಂಗಳು ಆ ತಾಯಿ ಕೈಸಾಲದ ಬಡ್ಡಿ ಕಟ್ಟಿರುತ್ತಾಳೆ, ಇಲ್ಲವೇ ಹುಡುಗ ಶಾಲೆ ಬಿಟ್ಟು ಯಾವುದೋ ಅಂಗಡಿಯ ಕಟ್ಟೆ ಏರಿರುತ್ತಾನೆ. ಅರ್ಜಿಗೆ ಅಂಕಪಟ್ಟಿ ಬೇಕು, ಆದಾಯದ ದಾಖಲೆ ಬೇಕು, ಇಬ್ಬರು ಧರ್ಮದರ್ಶಿಗಳ ಶಿಫಾರಸು ಬೇಕು. ಇಷ್ಟಾದ ಮೇಲೆ ನೂರಕ್ಕೆ 85 ಅಂಕಗಳಿಗಿಂತ ಕಡಿಮೆ ಬಂದವನಿಗೆ ಇಲ್ಲ. ವೇದಿಕೆಯ ಮೇಲೆ ಹುಡುಗನಿಗೆ ಶಾಲು, ಹಾರ, ಸ್ಮರಣಿಕೆ. ಲಕೋಟೆಯೊಳಗೆ ಸ್ಮರಣಿಕೆಯ ಬೆಲೆಗಿಂತ ಕಡಿಮೆಯಿರುವ ಹಣ. ಛಾಯಾಚಿತ್ರದಲ್ಲಿ ಹುಡುಗ ಅಂಚಿನಲ್ಲಿರುತ್ತಾನೆ, ನಾವು ನಡುವಿನಲ್ಲಿರುತ್ತೇವೆ. ಇಂಥ ಚಿತ್ರಗಳು ನನ್ನ ಮನೆಯ ಕಪಾಟಿನಲ್ಲಿಯೂ ಇವೆ.

ನೂರಕ್ಕೆ 85 ಅಂಕ ತೆಗೆದವನಿಗೆ ಬ್ಯಾಂಕು ಸಾಲ ಕೊಟ್ಟೀತು, ಕಾಲೇಜು ರಿಯಾಯಿತಿ ಕೊಟ್ಟೀತು. 50 ಅಂಕ ತೆಗೆದವನಿಗೆ ಕೊಡುವವರಾರು? ಅವನ ಅಂಕ ಕಡಿಮೆಯಾದದ್ದೇಕೆಂದು ಯಾರಾದರೂ ಕೇಳಿದ್ದುಂಟೇ? ಕೇಳಿದರೆ ಉತ್ತರ ಹತ್ತನೆಯ ತರಗತಿಯಲ್ಲಿ ಸಿಗುವುದಿಲ್ಲ. ಅದು ಸಿಗುವುದು ಆತನ ಮೂರನೆಯ ವರ್ಷದಲ್ಲಿ. ತಾಯಿ ಕೂಲಿಗೆ ಹೋದಾಗ ಆತ ಯಾರ ಮಡಿಲಲ್ಲಿದ್ದ, ಏನು ತಿಂದ, ಯಾರು ಆತನೊಡನೆ ಮಾತನಾಡಿದರು ಎಂಬಲ್ಲಿ ಸಿಗುತ್ತದೆ.

ಇದು ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರಿಂದ ಎರವಲು ತಂದ ವಿಚಾರವೆಂದು ಕೆಲವು ಹಿರಿಯರು ಹೇಳಿದರು. ಅವರು ಜಿನಸೇನಾಚಾರ್ಯರ ಆದಿಪುರಾಣದ 38ನೆಯ ಪರ್ವವನ್ನು ಮತ್ತೊಮ್ಮೆ ತೆರೆಯಬೇಕೆಂದು ಪ್ರಾರ್ಥಿಸುತ್ತೇನೆ. ರಾಷ್ಟ್ರಕೂಟರ ಕಾಲದ ಆ ಮಹಾಚಾರ್ಯರು ಅಲ್ಲಿ ಐವತ್ತಮೂರು ಗರ್ಭಾನ್ವಯ ಕ್ರಿಯೆಗಳನ್ನು ವಿವರಿಸುತ್ತಾರೆ. ಲಿಪಿಸಂಖ್ಯಾನ, ಅಂದರೆ ಅಕ್ಷರ ಮತ್ತು ಅಂಕಗಳ ಅಭ್ಯಾಸ, ಎಷ್ಟನೆಯದು? ಹದಿಮೂರನೆಯದು, ಐದನೆಯ ವರ್ಷದಲ್ಲಿ ಮಾಡತಕ್ಕದ್ದು. ಅದಕ್ಕಿಂತ ಮೊದಲು ಹನ್ನೆರಡು ಕ್ರಿಯೆಗಳು ಆಗಿಹೋಗಬೇಕು. ಆಧಾನ, ಪ್ರೀತಿ, ಸುಪ್ರೀತಿ, ಧೃತಿ, ಮೋದ ಎಂಬ ಐದು ಕ್ರಿಯೆಗಳು ಕೂಸು ಹುಟ್ಟುವ ಮೊದಲೇ ನಡೆಯತಕ್ಕವು. ಅವೆಲ್ಲ ತಾಯಿಯ ಕ್ಷೇಮಕ್ಕೆ ಸೇರಿದವು. ಹುಟ್ಟಿದ ಮೇಲೆ ಪ್ರಿಯೋದ್ಭವ, ನಾಮಕರ್ಮ, ಕೂಸನ್ನು ಸೂತಿಕಾಗೃಹದಿಂದ ಹೊರಗೆ ತರುವ ಬಹಿರ್ಯಾನ, ಕುಳ್ಳಿರಿಸುವ ನಿಷದ್ಯೆ, ಅನ್ನಪ್ರಾಶನ, ವರ್ಷ ತುಂಬಿದಾಗ ವ್ಯುಷ್ಟಿ, ಅನಂತರ ಕೇಶವಾಪ. ಕೂಸು ಕುಳಿತುಕೊಂಡದ್ದನ್ನೂ ಒಂದು ಕ್ರಿಯೆಯೆಂದು ಎಣಿಸಿದ ಆಚಾರ್ಯರು ನಮ್ಮವರು. ನಾವು ಹದಿಮೂರನೆಯ ಮೆಟ್ಟಿಲಿನಲ್ಲಿ ನಿಂತು ದಾನ ಆರಂಭಿಸುತ್ತೇವೆ. ಆರಂಭಿಸುತ್ತೇವೆಂಬುದೂ ಹೆಚ್ಚಾಯಿತು, ನಿಜವಾಗಿ ನಾವು ಕೊಡುವುದು ಹದಿನಾರನೆಯ ವರ್ಷಕ್ಕೆ. ಕೆಳಗಿನ ಹನ್ನೆರಡು ಮೆಟ್ಟಿಲುಗಳನ್ನು ಶ್ರೀಮಂತರ ಮನೆಗಳಲ್ಲಿ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಆಚರಿಸುತ್ತೇವೆ, ಬಡವರ ಮನೆಗಳಲ್ಲಿ ಮರೆಯುತ್ತೇವೆ.

ಅದೇ ಪುರಾಣದಲ್ಲಿ ವೃಷಭದೇವರು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಗಣಿತವನ್ನೂ ಕಲಿಸಿದ ಪ್ರಸಂಗವಿದೆ. ಮೊದಲ ವಿದ್ಯಾರ್ಥಿಗಳು ಹೆಣ್ಣುಮಕ್ಕಳು. ಇದನ್ನು ನಾವು ಪ್ರತಿಯೊಂದು ಮಹಿಳಾ ಸಮ್ಮೇಳನದಲ್ಲಿಯೂ ಹೆಮ್ಮೆಯಿಂದ ಹೇಳುತ್ತೇವೆ. 2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ನೂರಕ್ಕೆ 94.1 ಎಂದು ಬಂದಾಗ ಸಭೆ ಸಭೆಗಳಲ್ಲಿ ಆ ಅಂಕಿಯನ್ನು ಓದಿದೆವು. ಅದೇ ಗಣತಿಯಲ್ಲಿ ಆರು ವರ್ಷದೊಳಗಿನ ಜೈನ ಮಕ್ಕಳಲ್ಲಿ ಸಾವಿರ ಗಂಡಿಗೆ ಹೆಣ್ಣು 870 ಮಾತ್ರ ಎಂದು ಬಂದಿತ್ತು. ದೇಶದ ಸರಾಸರಿ 927. ಆ ಪುಟವನ್ನು ಯಾರೂ ಓದಲಿಲ್ಲ. ಅಭಯದಾನವನ್ನು ಪಾಂಜರಾಪೋಳಗಳಿಗೆ ಬಿಟ್ಟುಕೊಟ್ಟ ಸಮಾಜದಲ್ಲಿ ಹೆಣ್ಣುಕೂಸಿಗೆ ಅಭಯವಿಲ್ಲದಿದ್ದರೆ, ಆ 94.1ನ್ನು ಇಟ್ಟುಕೊಂಡು ಮಾಡುವುದೇನು?

ಸರಕಾರ ಮಾಡುತ್ತಿದೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಾಡುತ್ತಿದೆ, ಇಲ್ಲವೆನ್ನುವುದಿಲ್ಲ. 1975ರ ಅಕ್ಟೋಬರ್ 2ರಂದು 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಇಂದು ಹಳ್ಳಿ ಹಳ್ಳಿಯಲ್ಲಿವೆ. ಆ ಕಾರ್ಯಕರ್ತೆಯರು ಅಲ್ಪ ಗೌರವಧನಕ್ಕೆ ದುಡಿಯುವ ರೀತಿಗೆ ಕೈಮುಗಿಯಬೇಕು. ಆದರೆ ಅಂಗನವಾಡಿ ಮುಖ್ಯವಾಗಿ ಮೂರರಿಂದ ಆರು ವರ್ಷದ ಮಕ್ಕಳನ್ನು ಕುಳ್ಳಿರಿಸಿಕೊಳ್ಳುತ್ತದೆ. ಮೂರರೊಳಗಿನ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ. ಸಂಜೆಯವರೆಗೆ ದುಡಿಯುವ ತಾಯಿಯ ಎಂಟು ತಿಂಗಳ ಕೂಸನ್ನು ದಿನವಿಡೀ ಎತ್ತಿಕೊಂಡಿರುವುದು ಅದರ ಕೆಲಸವಾಗಿಲ್ಲ. ಕರ್ನಾಟಕ ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳ ಮೂಲಕ ಉದ್ಯೋಗ ಖಾತ್ರಿಯ ತಾಯಂದಿರಿಗಾಗಿ ಕೂಸಿನ ಮನೆಗಳನ್ನು ಆರಂಭಿಸಿತು, ಸ್ತುತ್ಯ ಕೆಲಸ. ಪೇಟೆಯಲ್ಲಿ ದುಡಿಯುವವಳಿಗೆ ಅದರಿಂದ ಪ್ರಯೋಜನವಿಲ್ಲ. ಇನ್ನು ಕಾಯ್ದೆ. 1948ರ ಕಾರ್ಖಾನೆ ಕಾಯ್ದೆ ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಇರಬೇಕೆಂದಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಐವತ್ತು ಜನ ನೌಕರರಿರುವಲ್ಲಿ ಎಂದಿತು. ನಮ್ಮ ಅಡತಿ ಅಂಗಡಿಗಳು, ಕಾಳು ಹಸನು ಮಾಡುವ ಗೋದಾಮುಗಳು, ಬಟ್ಟೆಯ ಅಂಗಡಿಗಳು ಈ ಎಣಿಕೆಗಳಿಗೆ ಸಿಗುವುದಿಲ್ಲ. ಹನ್ನೆರಡು ಹೆಂಗಸರಿಂದ ಕೆಲಸ ತೆಗೆಯುವ ನಮ್ಮನ್ನು ಯಾವ ಇನ್‌ಸ್ಪೆಕ್ಟರನೂ ಕೇಳುವುದಿಲ್ಲ. ಕೇಳುವುದಿದ್ದರೆ ನಮ್ಮ ವ್ರತಗಳು ಕೇಳಬೇಕು.

ನನ್ನ ಗೋದಾಮಿನಲ್ಲಿಯೂ ಅಷ್ಟೇ ಹೆಂಗಸರು ತೊಗರಿ, ಕಡಲೆ ಆರಿಸುತ್ತಿದ್ದರು. ಚೀಲಕ್ಕೆ ಇಷ್ಟು ಎಂದು ಕೂಲಿ. ಮಕ್ಕಳು ಗೋಣಿಚೀಲದ ಮೇಲೆ, ಕಾಳಿನ ಧೂಳಿನಲ್ಲಿ ಮಲಗುತ್ತಿದ್ದವು. 2016ರಲ್ಲಿ ಒಂದು ದಿನ ಹೊಸದಾಗಿ ಬಂದವಳೊಬ್ಬಳ ಕೂಸು ಬಹಳ ಹೊತ್ತು ಅತ್ತಿತು. ಹಾಲು ಕೊಡಬಾರದೇನಮ್ಮಾ ಎಂದೆ. ‘ಎದ್ದರ ಚೀಲ ಮುಗಿಯೂದಿಲ್ರೀ ಸಾವಕಾರ್ರ’ ಎಂದಳು. ಆಕೆಯನ್ನು ಯಾರೂ ತಡೆದಿರಲಿಲ್ಲ. ನಾನು ಹಾಕಿದ್ದ ಕೂಲಿಯ ಲೆಕ್ಕ ತಡೆದಿತ್ತು. ಆ ರಾತ್ರಿ ಅಹಿಂಸಾಣುವ್ರತದ ಅತಿಚಾರಗಳು ನೆನಪಿಗೆ ಬಂದವು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ನಮ್ಮ ಅಧೀನದಲ್ಲಿರುವ ಜೀವಿಗೆ ಅನ್ನಪಾನವನ್ನು ತಡೆಯುವುದು ಐದನೆಯದು. ಎತ್ತು ಎಮ್ಮೆಗಳ ವಿಷಯದಲ್ಲಿ ಅದನ್ನು ಬಹಳ ಸಲ ಕೇಳಿದ್ದೆ. ಗಡ್ಡೆ ಗೆಣಸು ತಿನ್ನದ, ಸೂರ್ಯಾಸ್ತದ ಮೇಲೆ ನೀರನ್ನೂ ಮುಟ್ಟದ ನನ್ನಂಥವನ ಗೋದಾಮಿನಲ್ಲಿ ಒಂದು ಕೂಸಿಗೆ ತಾಯಿಯ ಹಾಲು ನಿಂತಿತ್ತು.

ಗೋದಾಮಿನ ಮುಂದಿನ ಕೋಣೆಯನ್ನು ಖಾಲಿ ಮಾಡಿಸಿ, ಕೆಲಸದವರ ಪೈಕಿಯೇ ವಯಸ್ಸಾದ ಒಬ್ಬ ತಾಯಿಯನ್ನು ಮಕ್ಕಳ ಬಳಿ ಕುಳ್ಳಿರಿಸಿದೆವು. ಹಾಲು ಕುಡಿಸುವ ವೇಳೆಯನ್ನು ಕೂಲಿಯೊಳಗೇ ಹಿಡಿದೆವು. ಇದನ್ನು ಬರೆಯುವುದು ಹೊಗಳಿಸಿಕೊಳ್ಳಲು ಅಲ್ಲ. ಮೂವತ್ತು ವರ್ಷ ವ್ಯಾಪಾರ ಮಾಡಿದ ಮೇಲೆ ಹೊಳೆದ ಸಂಗತಿಗೆ ಹೊಗಳಿಕೆ ಸಲ್ಲದು. ಆ ಖರ್ಚನ್ನು ನಾನು ಕೀರ್ದಿಯಲ್ಲಿ ಧರ್ಮಾದಾಯದ ಖಾತೆಗೆ ಬರೆಯಲಿಲ್ಲ, ಕೂಲಿಯ ಖಾತೆಗೆ ಬರೆದೆ. ನಮ್ಮಲ್ಲಿ ದುಡಿಯುವವರಿಗೆ ಸಲ್ಲಬೇಕಾದದ್ದನ್ನು ದಾನವೆಂದು ಕರೆಯುವುದು ಲೆಕ್ಕಶಾಸ್ತ್ರದ ಪ್ರಕಾರವೂ ತಪ್ಪು.

ಬಸದಿಯ ಟ್ರಸ್ಟಿನಿಂದಲೂ ಇಂಥದೊಂದು ಶಿಶುಗೃಹ ಆಗಲೆಂದು ನಮ್ಮ ಸಭೆಯಲ್ಲಿ ನಾನು ಸೂಚಿಸಿದಾಗ, ಸಜ್ಜನನಾದ ಒಬ್ಬ ಯುವ ಸದಸ್ಯ ಎದ್ದು, ‘ಕಾಕಾ, ನೀವು ಹೇಳೂದು ಖರೆ ಐತ್ರಿ. ಆದ್ರ ಬಸದಿ ರೊಕ್ಕ ಕೂಸಿನ ಹಾಲಿಗೆ ಹಾಕಿದ್ರ ನಿರ್ಮಾಲ್ಯದ ದೋಷ ಬರೂದಿಲ್ಲೇನ್ರಿ?’ ಎಂದು ಕೇಳಿದ. ಶ್ರದ್ಧೆಯಿಂದ ಕೇಳಿದ ಪ್ರಶ್ನೆಯಾದ್ದರಿಂದ ಶ್ರದ್ಧೆಯಿಂದಲೇ ಉತ್ತರಿಸಬೇಕು. ಜಿನಬಿಂಬದ ಮುಂದೆ ಮಂತ್ರಪೂರ್ವಕವಾಗಿ ಅರ್ಪಿಸಿದ ದ್ರವ್ಯ ನಿರ್ಮಾಲ್ಯ. ಅದನ್ನು ನಾವು ಉಪಯೋಗಿಸಬಾರದು. ಅದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಬಸದಿಯ ಮಳಿಗೆಗಳ ಬಾಡಿಗೆ ನಿರ್ಮಾಲ್ಯವೇ? ಕಲ್ಯಾಣಮಂಟಪದ ಆದಾಯ ನಿರ್ಮಾಲ್ಯವೇ? ಬ್ಯಾಂಕಿನ ಠೇವಣಿಯ ಬಡ್ಡಿಗೆ ಯಾರು ಮಂತ್ರ ಹೇಳಿದರು? ನಮ್ಮ ಹಳೆಯ ದತ್ತಿಶಾಸನಗಳನ್ನು ಓದಿರಿ. ಬಸದಿಗೆ ಭೂಮಿ ಬಿಡುವಾಗ ದೇವರ ಪೂಜೆಗೆ, ಒಡೆದು ಬಿರಿದದ್ದರ ಜೀರ್ಣೋದ್ಧಾರಕ್ಕೆ, ಋಷಿಯರ ಆಹಾರದಾನಕ್ಕೆ ಎಂದು ಒಟ್ಟಿಗೆ ಬಿಡುತ್ತಿದ್ದರು. ಒಂದೇ ಹೊಲದ ಬೆಳೆ ಪೂಜೆಗೂ ಹಸಿದವರ ಊಟಕ್ಕೂ ಸಲ್ಲುತ್ತಿತ್ತು. ಅದೇ ಹೊಲದ ಅಕ್ಕಿ ಬಸದಿಯಲ್ಲಿ ಓದುವ ಶಿಷ್ಯರ ಎಲೆಗೂ ಬೀಳುತ್ತಿತ್ತೆಂದೇ ನಾನು ತಿಳಿಯುತ್ತೇನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧಗಳ ಜೊತೆಗೆ ಉಪಕರಣ ಮತ್ತು ಆವಾಸಗಳನ್ನು ಹೇಳಿದ್ದಾರೆ. ಮಗುವಿನ ಪಾಟಿಯೂ ಉಪಕರಣವೇ, ಮಗು ಮಲಗುವ ಕೋಣೆಯೂ ಆವಾಸವೇ.

ಕಟ್ಟಡಕ್ಕೆಂದು ದಾನಿ ಕೊಟ್ಟ ಹಣವನ್ನು ಬೇರೆ ಕೆಲಸಕ್ಕೆ ತಿರುಗಿಸಬಾರದೆಂಬುದು ಬೇರೆ ಮಾತು, ಸರಿಯಾದ ಮಾತು. ಅದಕ್ಕೆ ಉಪಾಯ ಸುಲಭ. ಸವಾಲು ಆರಂಭವಾಗುವ ಮೊದಲೇ, ಬಂದ ಮೊತ್ತದಲ್ಲಿ ನಾಲ್ಕನೆಯ ಒಂದು ಪಾಲು ಬಾಲರಕ್ಷಣೆಗೆ ಸಲ್ಲುವುದೆಂದು ಘೋಷಿಸತಕ್ಕದ್ದು. ಕೂಗುವವನು ತಿಳಿದೇ ಕೂಗುವನು. ಟ್ರಸ್ಟಿನ ಉದ್ದೇಶಪತ್ರದಲ್ಲಿ ಶಿಕ್ಷಣವೆಂಬ ಶಬ್ದವಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಇಲ್ಲದಿದ್ದರೆ ವಕೀಲರನ್ನು ಕೇಳಬೇಕು. ಆದಾಯ ತೆರಿಗೆಯ ನಿಯಮದಂತೆ ಟ್ರಸ್ಟು ವರ್ಷದ ಆದಾಯದಲ್ಲಿ ನೂರಕ್ಕೆ 85ರಷ್ಟನ್ನು ಉದ್ದೇಶಗಳಿಗೆ ವಿನಿಯೋಗಿಸಬೇಕು. ಮಾರ್ಚ್ ತಿಂಗಳು ಬಂದೊಡನೆ ಚೆನ್ನಾಗಿದ್ದ ನೆಲವನ್ನು ಕಿತ್ತು ಹೊಸ ಗ್ರಾನೈಟ್ ಹಾಸುವ ಭಕ್ತಿ ನಮಗೆ ಉಕ್ಕುವುದೇಕೆಂದು ಲೆಕ್ಕ ಬಲ್ಲವರಿಗೆ ತಿಳಿದಿದೆ.

ಇಪ್ಪತ್ತು ಮಕ್ಕಳ ಒಂದು ಶಿಶುಗೃಹದ ಖರ್ಚನ್ನು ನಾನು ಅಂದಾಜು ಮಾಡಿದ್ದೇನೆ. ಇಬ್ಬರು ಆರೈಕೆಯ ತಾಯಂದಿರಿಗೆ ತಿಂಗಳಿಗೆ 15 ಸಾವಿರದಂತೆ ವರ್ಷಕ್ಕೆ 3 ಲಕ್ಷ 60 ಸಾವಿರ. ಮಗುವೊಂದಕ್ಕೆ ದಿನಕ್ಕೆ 30 ರೂಪಾಯಿಯಂತೆ 300 ದಿನ ಹಾಲು, ಗಂಜಿ, ಹಣ್ಣಿಗೆ 1 ಲಕ್ಷ 80 ಸಾವಿರ. ಆಟಿಕೆ, ಚಾಪೆ, ಔಷಧ, ವೈದ್ಯರ ತಪಾಸಣೆಗೆ 60 ಸಾವಿರ. ಒಟ್ಟು 6 ಲಕ್ಷ. ಮಗುವೊಂದಕ್ಕೆ ವರ್ಷಕ್ಕೆ 30 ಸಾವಿರ. ಜಾಗಕ್ಕೆ ಬಾಡಿಗೆ ಹಿಡಿದಿಲ್ಲ; ವರ್ಷದ ಬಹುಪಾಲು ಬೀಗ ಹಾಕಿರುವ ಯಾತ್ರಿನಿವಾಸದ ಕೋಣೆಗಳು ನಮ್ಮಲ್ಲಿ ಸಾಕಷ್ಟಿವೆ. ತೊಟ್ಟಿಲಿನ ಸವಾಲು ಆ ದಿನ ಈ ಮೊತ್ತವನ್ನು ದಾಟಿ ನಿಂತಿತ್ತು.

ಕೊನೆಯ ಆಕ್ಷೇಪಣೆ ಹೆಚ್ಚಾಗಿ ಸಭೆ ಮುಗಿದ ಮೇಲೆ, ಮೆಟ್ಟಿಲು ಇಳಿಯುವಾಗ ಬರುತ್ತದೆ: ಕೂಲಿಗೆ ಬರುವ ಹೆಂಗಸರು ನಮ್ಮವರಲ್ಲವಲ್ಲ, ನಮ್ಮ ಹಣ ನಮ್ಮ ಸಮಾಜಕ್ಕೆ ಇರಲಿ. ನಮ್ಮ ಸಮಾಜದಲ್ಲಿಯೇ ಬಡವರಿಲ್ಲವೆಂಬ ಭ್ರಮೆ ಮೊದಲು ಹೋಗಬೇಕು. ಬೆಳಗಾವಿಯ ಕಡೆಯ ಒಣಭೂಮಿಯ ಒಕ್ಕಲುಗಳಲ್ಲಿ, ಮಲೆನಾಡು ಕರಾವಳಿಗಳ ಸಣ್ಣ ಹಿಡುವಳಿದಾರರಲ್ಲಿ, ಗಂಡ ತೀರಿದ ಮೇಲೆ ಹಪ್ಪಳ ಒತ್ತಿ ಬದುಕುವ ಶ್ರಾವಿಕೆಯರಲ್ಲಿ ಬಡತನವಿದೆ. 2014ರ ಜನವರಿಯಲ್ಲಿ ನಮಗೆ ರಾಷ್ಟ್ರೀಯ ಅಲ್ಪಸಂಖ್ಯಾತರ ಸ್ಥಾನ ದೊರೆಯಿತು. ಆ ಮನೆಗಳ ಸಣ್ಣ ಮಕ್ಕಳಿಗೆ ಕೇಂದ್ರದ ವಿದ್ಯಾರ್ಥಿವೇತನವೂ ದೊರೆಯಿತು. 2022-23ರಿಂದ ಒಂದರಿಂದ ಎಂಟನೆಯ ತರಗತಿಯವರೆಗೆ ಅದು ನಿಂತಿತು. ನಿಂತ ಮೇಲೆ ಎಷ್ಟು ಟ್ರಸ್ಟುಗಳು ಆ ಖಾಲಿ ಜಾಗವನ್ನು ತುಂಬಿದವು? ನಾನು ಬಲ್ಲ ಟ್ರಸ್ಟುಗಳಲ್ಲಿ ಒಂದೂ ಇಲ್ಲ. ಅದೇ 2014ರ ಮೇ ತಿಂಗಳಲ್ಲಿ ಶಿಕ್ಷಣ ಹಕ್ಕಿನ ಕಾಯ್ದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದಾಗ, ಬಡವರಿಗೆ ಮೀಸಲಾದ 25 ಪಾಲು ಸೀಟುಗಳ ಹೊಣೆ ತಪ್ಪಿತೆಂದು ಸಂತೋಷಪಟ್ಟ ಮಾತುಗಳು ಮಾತ್ರ ನನ್ನ ಕಿವಿಗೆ ಬಿದ್ದವು. ಅಲ್ಪಸಂಖ್ಯಾತರ ಸ್ಥಾನವನ್ನು ನಾವು ಕೇಳಿ ಪಡೆದದ್ದು ಇದಕ್ಕಾಗಿಯೇ?

ಪರರ ಮಕ್ಕಳ ಪ್ರಶ್ನೆಗೆ ಕರ್ಮವೀರ ಭಾವುರಾವ್ ಪಾಟೀಲರ ಜೀವನವೇ ಉತ್ತರ. 1887ರಲ್ಲಿ ಕುಂಭೋಜದಲ್ಲಿ ಹುಟ್ಟಿದ ಈ ಜೈನ ಒಕ್ಕಲಿಗರ ಮಗ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಣ್ಣುವ, ದುಡಿದು ಕಲಿಯುವ ವಸತಿಗೃಹವನ್ನು ಕಟ್ಟಿದರು. ಹುಡುಗರ ಊಟಕ್ಕೆ ಕಾಳಿಲ್ಲದ ದಿನ ಅವರ ಪತ್ನಿ ಲಕ್ಷ್ಮೀಬಾಯಿಯವರು ಮಂಗಳಸೂತ್ರವನ್ನೂ ಬಿಚ್ಚಿಕೊಟ್ಟರು. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿ, ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಬೋರ್ಡಿಂಗುಗಳನ್ನು ತೆರೆದು ನೇಗಿಲು ಹಿಡಿದವರ ಮಕ್ಕಳನ್ನು ಓದಿಸಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೆಮ್ಮೆಪಡತಕ್ಕದ್ದೇ. ಆದರೆ ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದ ಇದೇ ಭಾವುರಾವ್ ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದು, ಮೈಲಿಗೆಯ ಸ್ನಾನ ಮಾಡಲೊಪ್ಪದ ಕಾರಣ ಅಲ್ಲಿಂದ ಹೊರಬೀಳಬೇಕಾಯಿತು. ಅವರ ಜೀವನಚರಿತ್ರೆಗಳಲ್ಲಿ ಬರುವ ಈ ಪುಟವನ್ನು ಜಯಂತಿಯ ಭಾಷಣಗಳಲ್ಲಿ ನಾವು ದಾಟಿಸಿಬಿಡುತ್ತೇವೆ. ನಮ್ಮ ಅನ್ನಛತ್ರ ಹೊರಗೆ ಹಾಕಿದ ಹುಡುಗನೇ ನಮ್ಮ ಹೆಸರನ್ನು ಮಹಾರಾಷ್ಟ್ರದ ಹಳ್ಳಿ ಹಳ್ಳಿಗೆ ಮುಟ್ಟಿಸಿದ. ಜಿನಸೇನಾಚಾರ್ಯರು ನಾಲ್ಕು ದತ್ತಿಗಳಲ್ಲಿ ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿಗಳ ಜೊತೆಗೆ ದಯಾದತ್ತಿಯನ್ನೂ ಎಣಿಸಿದ್ದಾರೆ. ದಯಾದತ್ತಿಯಲ್ಲಿ ಗೋತ್ರ ಕೇಳುವ ವಿಧಿಯಿಲ್ಲ.

ನಮ್ಮ ಟ್ರಸ್ಟಿನ ಮುಂದಿನ ಸರ್ವಸಾಧಾರಣ ಸಭೆಗೆ ಮೂರು ಠರಾವುಗಳನ್ನು ಬರೆದು ಕೊಟ್ಟಿದ್ದೇನೆ. ವಿದ್ಯಾರ್ಥಿವೇತನವನ್ನು ಮೇ ತಿಂಗಳ ಕೊನೆಯೊಳಗೆ, ವೇದಿಕೆಯಿಲ್ಲದೆ, ನೇರವಾಗಿ ತಾಯಿಯ ಬ್ಯಾಂಕ್ ಖಾತೆಗೆ ಜಮಾ ಮಾಡತಕ್ಕದ್ದು; ಅಂಕದ ಮಿತಿಯನ್ನು ತೆಗೆಯತಕ್ಕದ್ದು. ಯಾತ್ರಿನಿವಾಸದ ಕೆಳಗಿನ ಎರಡು ಕೋಣೆಗಳನ್ನು ಪೇಟೆಯಲ್ಲಿ ದುಡಿಯುವ ಎಲ್ಲ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ಬಿಟ್ಟುಕೊಡತಕ್ಕದ್ದು. ಸವಾಲಿನ ಮೊತ್ತದಲ್ಲಿ ನಾಲ್ಕನೆಯ ಒಂದು ಪಾಲನ್ನು ಅದಕ್ಕೆ ಮೀಸಲಿಡತಕ್ಕದ್ದು. ಮೊದಲನೆಯದು ಪಾಸಾದೀತೆಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಎರಡನೆಯದನ್ನು ಉಪಸಮಿತಿಗೆ ಒಪ್ಪಿಸುವರಂತೆ. ಮೂರನೆಯದಕ್ಕೆ ಅನುಮೋದಕರು ಇನ್ನೂ ದೊರೆತಿಲ್ಲ. ಈ ಪತ್ರಿಕೆಯನ್ನು ಓದುವ ಧರ್ಮದರ್ಶಿಗಳಲ್ಲಿ ಯಾರಾದರೂ ತಮ್ಮ ಊರಿನಲ್ಲಿ ಇಂಥ ಠರಾವನ್ನು ಈಗಾಗಲೇ ಅಂಗೀಕರಿಸಿದ್ದರೆ, ಅದರ ನಕಲನ್ನು ಸಂಪಾದಕರ ಮುಖಾಂತರ ನನಗೆ ಕಳುಹಿಸಬೇಕಾಗಿ ವಿನಂತಿ. ಸಭೆಯಲ್ಲಿ ಓದಿ ಹೇಳಲು ಒಂದು ಉದಾಹರಣೆ ಬೇಕಾಗಿದೆ.